ಕ್ಯಾರಿಯಾಕೂನಲ್ಲಿ ಬೆಂಚು ಹೊತ್ತ ಆರು ತಿಂಗಳು

ಮೊದಲ ದಿನವೇ ಎಡವಟ್ಟು ಮಾಡಿಕೊಂಡೆ.

2024ರ ಸೆಪ್ಟೆಂಬರ್. ಕೆರಿಬಿಯನ್ ಸಮುದ್ರದ ಗ್ರೆನಡಾ ದೇಶಕ್ಕೆ ಸೇರಿದ ಕ್ಯಾರಿಯಾಕೂ ಎಂಬ ಪುಟ್ಟ ದ್ವೀಪ. ಚರ್ಚಿನ ಪಕ್ಕ ನೀಲಿ ತಾಡಪಾಲು ಕಟ್ಟಿದ ಚಪ್ಪರ. ಅದರ ಕೆಳಗೆ ಇಪ್ಪತ್ತೆರಡು ಮಕ್ಕಳು, ಸುತ್ತ ಒಂದಷ್ಟು ದೊಡ್ಡವರು. ತರಬೇತಿಯಲ್ಲಿ ಹೇಳಿಕೊಟ್ಟಂತೆ ಶುರು ಮಾಡಿದೆ. ಎಲ್ಲರೂ ಕಣ್ಣು ಮುಚ್ಚಿ, ನಿಮಗೆ ಭಯವೇ ಇಲ್ಲದ ಒಂದು ಜಾಗ ನೆನೆಸಿಕೊಳ್ಳಿ ಅಂದೆ. ಅಷ್ಟರಲ್ಲಿ ಗಾಳಿ ಬೀಸಿ ತಾಡಪಾಲು ಪಟಪಟ ಬಡಿಯಿತು. ಎಂಟು ವರ್ಷದ ಹುಡುಗಿಯೊಬ್ಬಳು ಚೀರಿ ಅಳತೊಡಗಿದಳು. ಭಯವಿಲ್ಲದ ಜಾಗ ಅಂದರೆ ಆ ಮಗುವಿಗೆ ಮನೆ. ಆ ಮನೆಯ ಛಾವಣಿ ಕಿತ್ತುಹೋಗಿದ್ದನ್ನು ಅವಳು ಮಂಚದ ಕೆಳಗೆ ಮಲಗಿ ನೋಡಿದ್ದಳು. ಇದು ನನಗೆ ಗೊತ್ತಾಗಿದ್ದು ಆಮೇಲೆ.

ಹಿಂದೆ ಕೂತಿದ್ದ ಅಜ್ಜಿಯೊಬ್ಬರು ಎದ್ದು ಬಂದು ಮಗುವನ್ನು ಎತ್ತಿಕೊಂಡರು. ಅಲ್ಲಿ ಇಂಥ ಹಿರಿಯರನ್ನು ಟ್ಯಾಂಟಿ ಅನ್ನುತ್ತಾರೆ. ಮಗು ಸಮಾಧಾನವಾದ ಮೇಲೆ ನನ್ನ ಕಡೆ ತಿರುಗಿ, ಜೋರು ಮಾಡದೆ ಕೇಳಿದರು: "ಮಗಳೇ, ಗಾಳಿ ಬೀಸುವಾಗ ಕಣ್ಣು ಮುಚ್ಚೋಕೆ ನಿನಗೆ ಹೇಳಿಕೊಟ್ಟೋರು ಯಾರು? ನಾವು ಆವತ್ತಿಂದ ಕಣ್ಣು ತೆರೆದೇ ಮಲಗ್ತಿದೀವಿ."

ಆವತ್ತು ಅಂದರೆ ಜುಲೈ 1. ಬೆರಿಲ್ ಚಂಡಮಾರುತ ಐದರ ಅಳತೆಯಲ್ಲಿ ನಾಲ್ಕನೇ ದರ್ಜೆಯ ಬಿರುಸಿನಲ್ಲಿ, ಗಂಟೆಗೆ ಸುಮಾರು 240 ಕಿಲೋಮೀಟರ್ ವೇಗದ ಗಾಳಿಯೊಂದಿಗೆ ಈ ದ್ವೀಪದ ಮೇಲೇ ಹಾದುಹೋಗಿತ್ತು. ಇಡೀ ದ್ವೀಪ ಸುಮಾರು 34 ಚದರ ಕಿಲೋಮೀಟರ್. ಹತ್ತು ಮನೆಗಳಲ್ಲಿ ಒಂಬತ್ತಕ್ಕಿಂತ ಜಾಸ್ತಿ ಏಟು ತಿಂದಿದ್ದವು. ಇಲ್ಲಿ ನದಿ ಇಲ್ಲ. ಛಾವಣಿ ಮೇಲೆ ಬಿದ್ದ ಮಳೆನೀರು ತೊಟ್ಟಿಗೆ ಇಳಿದರೆ ಮನೆಗೆ ನೀರು. ಹಾಗಾಗಿ ಛಾವಣಿ ಹೋದವರಿಗೆ ನೆರಳಿನ ಜೊತೆ ನೀರೂ ಹೋಗಿತ್ತು.

ನಾನು ಕಲಬುರಗಿಯವಳು. ಹೆಗ್ಗೋಡಿನ ನೀನಾಸಂನಲ್ಲಿ ಒಂದು ವರ್ಷ ನಾಟಕ ಕಲಿತು, ಆಮೇಲೆ ಕೌನ್ಸೆಲಿಂಗ್ ಓದಿದೆ. ನಮ್ಮನೆಯವರಿಗೆ ಗ್ರೆನಡಾದ ರಾಜಧಾನಿ ಸೇಂಟ್ ಜಾರ್ಜಸ್‌ನಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿದ್ದರಿಂದ ಆ ಕಡೆ ಹೋಗಿದ್ದು. ಒಂದು ಸಣ್ಣ ಸಂಸ್ಥೆಯವರು ಕೇಳಿದರು: ಕ್ಯಾರಿಯಾಕೂನಲ್ಲಿ ವಾರಕ್ಕೆರಡು ದಿನ ಕಲೆಯ ಮೂಲಕ ಮನಸ್ಸು ಹಗುರ ಮಾಡುವ ಕಾರ್ಯಕ್ರಮ ನಡೆಸುತ್ತೀರಾ? ಫೆರಿಯಲ್ಲಿ ಎರಡು ಗಂಟೆಯ ದಾರಿ. ಒಂದು ಚೀಲದ ತುಂಬ ಫಾರ್ಮು ಕೊಟ್ಟರು. ಅದರಲ್ಲಿ ಒಂದರಿಂದ ಹತ್ತರವರೆಗೆ ಮುಖಗಳ ಚಿತ್ರ. ಇವತ್ತು ನಿಮಗೆ ಹೇಗನಿಸುತ್ತಿದೆ ಎಂದು ಟಿಕ್ ಮಾಡಿಸಬೇಕು.

ಮೊದಲ ವಾರ ಹೇಗಾಯಿತು ಅಂತ ಹೇಳಿದೆನಲ್ಲ. ಎರಡನೇ ವಾರ ಎಂಟೇ ಮಕ್ಕಳು ಬಂದರು.

ಟ್ಯಾಂಟಿಯ ಮನೆ ಹುಡುಕಿಕೊಂಡು ಹೋಗಿ ಕ್ಷಮೆ ಕೇಳಿದೆ. ಅವರು ನಕ್ಕರು. "ಕುಣಿಯೋಕೆ ಮುಂಚೆ ಕೇಳಬೇಕಿತ್ತು" ಅಂದರು. ನನಗೆ ಅರ್ಥವಾಗಲಿಲ್ಲ.

ಕ್ಯಾರಿಯಾಕೂನಲ್ಲಿ ಬಿಗ್ ಡ್ರಮ್ ಅಂತ ಒಂದು ಕುಣಿತವಿದೆ. ಆಫ್ರಿಕಾದಿಂದ ಗುಲಾಮರಾಗಿ ಬಂದವರು ತಮ್ಮ ತಮ್ಮ ಮೂಲವನ್ನು ಮರೆಯದೆ ಇಟ್ಟುಕೊಂಡ ಹಾಡುಗಳವು. ಕ್ರೊಮಾಂಟಿ, ಇಗ್ಬೊ, ಮಾಂಡಿಂಗ್, ಕಾಂಗೊ, ಟೆಮ್ನೆ, ಹೀಗೆ ಒಂದೊಂದು ಮೂಲಕ್ಕೆ ಒಂದೊಂದು ತಾಳ, ಒಂದೊಂದು ಹೆಜ್ಜೆ. ಇವನ್ನು ನೇಶನ್ ಅನ್ನುತ್ತಾರೆ. ನಮ್ಮ ಅಪ್ಪನ ಕಡೆಯವರು ಇಂಥ ನೇಶನ್ ಎಂದು ಹೇಳುವವರು ಇವತ್ತಿಗೂ ಸಿಗುತ್ತಾರೆ. ಮೊದಲು ರಮ್ ಮತ್ತು ನೀರನ್ನು ನೆಲಕ್ಕೆ ಚಿಮುಕಿಸುತ್ತಾರೆ. ಆಮೇಲೆ 'ಬೆಗ್ ಪಾರ್ಡನ್'. ಮಂಡಿಯೂರಿ, ಗೊತ್ತಿದ್ದೋ ಗೊತ್ತಿಲ್ಲದೆಯೋ ಆದ ತಪ್ಪಿಗೆ ಹಿರಿಯರ ಹತ್ತಿರ ಕ್ಷಮೆ ಕೇಳುವುದು. ಅದಾಗದೆ ಮುಂದಿನದಿಲ್ಲ. ನಾನು ಇದ್ಯಾವುದೂ ಇಲ್ಲದೆ, ಬೂಟು ಹಾಕಿಕೊಂಡೇ ನಡುಮನೆಗೆ ಹೋದ ಹಾಗೆ ಹೋಗಿದ್ದೆ.

"ಹಾಗಾದರೆ ನಾನೇನು ಮಾಡಲಿ ಟ್ಯಾಂಟಿ? ನೀವೇ ಹೇಳಿ."

"ಡ್ರಮ್ಮು ಒದ್ದೆಯಾಗಿ ಹಾಳಾಗಿವೆ. ಬೆಂಚೂ ಇಲ್ಲ. ಮೊದಲು ಅದು ನೋಡು."

ಹೀಗೆ ನನ್ನ ಕೆಲಸ ಬದಲಾಯಿತು. ದುಡ್ಡು ಕೊಟ್ಟವರಿಗೆ ಹೊಸ ಬಜೆಟ್ ಬರೆದೆ: ಮೇಕೆ ಚರ್ಮ, ಹಗ್ಗ, ಹನ್ನೆರಡು ಬೆಂಚು. ಮನಸ್ಸಿನ ಆರೋಗ್ಯಕ್ಕೂ ಮೇಕೆ ಚರ್ಮಕ್ಕೂ ಏನು ಸಂಬಂಧ ಎಂದು ಮೇಲ್ ಬಂತು. ಮೂರು ಸಲ ಉತ್ತರ ಬರೆದೆ, ನಾಲ್ಕನೇ ಸಲ ಒಪ್ಪಿದರು. ಇನ್ನೊಂದು ವಿಷಯಕ್ಕೂ ಜಗಳವಾಡಬೇಕಾಯಿತು. ಅವರ ಪಟ್ಟಿಯಲ್ಲಿ ಡ್ರಮ್ ಬಾರಿಸುವ ಹಿರಿಯರೂ 'ಫಲಾನುಭವಿಗಳು'. ನಾನು ಅವರನ್ನು ಶಿಕ್ಷಕರು ಎಂದು ಬರೆದು, ನನಗೆ ಗಂಟೆಗೆ ಎಷ್ಟು ಕೊಡುತ್ತಿದ್ದರೋ ಅವರಿಗೂ ಅಷ್ಟೇ ಕೊಡಿ ಅಂದೆ. ಇಂಥ ಕೆಲಸಕ್ಕೆ ಇಳಿಯುವವರಿಗೆ ನಾನು ಕೊಡುವ ಸಲಹೆ ಇದೊಂದೇ. ಕಲೆ ಊರಿನವರದು, ಸಂಬಳ ಮಾತ್ರ ಹೊರಗಿನವರದು ಆದರೆ ಯಾರೂ ಎರಡನೇ ಸಲ ಬರುವುದಿಲ್ಲ.

ಡ್ರಮ್ ರಿಪೇರಿಗೆ ಅಕ್ಟೋಬರ್ ಪೂರ್ತಿ ಹಿಡಿಯಿತು. ಒಟ್ಟು ಮೂರು ಡ್ರಮ್. ಹಿಂದೆಲ್ಲ ರಮ್ ತುಂಬುವ ಮರದ ಪೀಪಾಯಿಗಳಲ್ಲೇ ಮಾಡುತ್ತಿದ್ದರು. ಎರಡರ ಹೆಸರು ಬೂಲಾ, ಅವು ತಾಳ ಬಿಡದೆ ಹಿಡಿದುಕೊಂಡಿರುತ್ತವೆ. ನಡುವಿನದು ಕಟ್, ಅದು ಕುಣಿಯುವವರ ಕಾಲಿನ ಜೊತೆ ಮಾತಾಡುತ್ತದೆ. ಕಟ್ ಡ್ರಮ್ಮಿನ ಚರ್ಮದ ಮೇಲೆ ಅಡ್ಡಕ್ಕೆ ಒಂದು ದಾರ. ಆ ದಾರಕ್ಕೆ ಸಾಲಾಗಿ ಗುಂಡುಸೂಜಿ ಪೋಣಿಸಿರುತ್ತಾರೆ. ಕೈ ಬಿದ್ದಾಗ ಸೂಜಿಗಳು ಚರ್ಮಕ್ಕೆ ತಾಕಿ ಝರ್ ಎಂದು ನಡುಗುತ್ತವೆ. ಡ್ರಮ್ಮಿನ ಅಂಕಲ್‌ಗೆ ಎಪ್ಪತ್ತು ದಾಟಿದೆ. ಕಣ್ಣು ಅಷ್ಟು ಕಾಣದು. ಸೂಜಿ ಪೋಣಿಸುವ ಕೆಲಸ ಮಕ್ಕಳ ಪಾಲಿಗೆ ಬಂತು. ಮೊದಲ ದಿನ ಅತ್ತಿದ್ದ ಹುಡುಗಿ ಅಂಕಲ್ ಪಕ್ಕ ಕೂತು, ನಾಲಿಗೆ ಕಚ್ಚಿಕೊಂಡು ಒಂದೊಂದೇ ಪೋಣಿಸಿದಳು. ಒಂದೂವರೆ ಗಂಟೆ ಮಾತೇ ಇಲ್ಲ. ಮೇಲೆ ತಾಡಪಾಲು ಬಡಿಯುತ್ತಲೇ ಇತ್ತು. ಅವಳು ಒಂದೇ ಸಲ ತಲೆಯೆತ್ತಿ ನೋಡಿ, ಮತ್ತೆ ಸೂಜಿಗೆ ಬಗ್ಗಿದಳು.

ನನ್ನ ಫಾರ್ಮಿನಲ್ಲಿ ಇದನ್ನು ಬರೆಯುವ ಕಾಲಮ್ಮೇ ಇರಲಿಲ್ಲ, ಬಿಡಿ.

ಹೊಸ ಚರ್ಮ ಬಿಗಿದ ಮೇಲೆ ಬೆಂಕಿ ಹತ್ತಿರ ಇಟ್ಟು ಕಾಯಿಸಿದೆವು. ನಮ್ಮ ಕಡೆ ಹೋಳಿ ಹುಣ್ಣಿಮೆಗೆ ಹುಡುಗರು ಹಲಗೆ ಕಾಯಿಸುತ್ತಾರಲ್ಲ, ಥೇಟ್ ಅದೇ. ಅಂಕಲ್ ಬೆರಳಿನಿಂದ ತಟ್ಟುವುದು, ತಲೆ ಅಲ್ಲಾಡಿಸುವುದು, ಇನ್ನಷ್ಟು ಹೊತ್ತು ಅನ್ನುವುದು. ಮಾತು ಹೊರಬಂದಿದ್ದು ಆ ಕಾಯುವ ಹೊತ್ತಿನಲ್ಲೇ. ಯಾರ ದೋಣಿ ಎಲ್ಲಿ ಸಿಕ್ಕಿತು, ಯಾರ ಮೇಕೆ ಬದುಕಿತು. ಹಿರಿಯರು 1955ರ ಜಾನೆಟ್ ಚಂಡಮಾರುತದ ಕತೆ ತೆಗೆದರು. ಆಗಲೂ ಎಲ್ಲ ಹೋಗಿತ್ತು ಎಂದು ಕೇಳಿ ಮಕ್ಕಳಿಗೆ ಆಶ್ಚರ್ಯ. "ಆಮೇಲೆ?" ಅಂತ ಒಬ್ಬ ಕೇಳಿದ. "ಆಮೇಲೆ ನಿಮ್ಮ ತಾತ ಮನೆ ಕಟ್ಟಿದ, ಅದರಲ್ಲೇ ನೀನು ಹುಟ್ಟಿದ್ದು" ಅಂದರು ಟ್ಯಾಂಟಿ.

ನಾನು ಹೊತ್ತು ತಂದಿದ್ದರಲ್ಲಿ ಒಂದು ಮಾತ್ರ ಕೆಲಸಕ್ಕೆ ಬಂತು, ನನ್ನ ಫೋನು. ಜಾನಪದ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ 1962ರಲ್ಲಿ ಕ್ಯಾರಿಯಾಕೂಗೆ ಬಂದು ಹಾಡುಗಳನ್ನು ರೆಕಾರ್ಡ್ ಮಾಡಿಕೊಂಡಿದ್ದ. ಅವು ಈಗ ಇಂಟರ್ನೆಟ್ಟಿನಲ್ಲಿ ಸಿಗುತ್ತವೆ. ಒಂದು ಸಂಜೆ ಸಣ್ಣ ಸ್ಪೀಕರಿಗೆ ಹಾಕಿ ಕೇಳಿಸಿದೆ. ಟ್ಯಾಂಟಿ ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದರು. ಹಾಡು ಮುಗಿದ ಮೇಲೆ, ಎರಡನೇ ಸಾಲು ಈಗಿನವರು ತಪ್ಪು ಹಾಡುತ್ತಾರೆ ಎಂದು ತಕರಾರು ತೆಗೆದರು. ಅಂಕಲ್ ಒಪ್ಪಲಿಲ್ಲ. ಅವತ್ತಿಡೀ ಅದೇ ಜಗಳ. ನನಗಂತೂ ಖುಷಿಯಾಯಿತು. ಎರಡು ತಿಂಗಳಲ್ಲಿ ಮೊದಲ ಸಲ ಅವರು ಛಾವಣಿ ಶೀಟು, ಮೊಳೆ ಬಿಟ್ಟು ಬೇರೆ ವಿಷಯಕ್ಕೆ ಜಗಳವಾಡಿದ್ದರು.

ಫೋಟೊಗಳ ಕೆಲಸ ನಾವು ಯೋಚಿಸಿದ್ದಲ್ಲ. ಒಬ್ಬರು ಬಿಸ್ಕತ್ತಿನ ಡಬ್ಬಿಯಲ್ಲಿ ಒದ್ದೆಯಾಗಿ ಅಂಟಿಕೊಂಡ ಹಳೇ ಫೋಟೊ ತಂದರು. ಮರುವಾರ ಆರು ಡಬ್ಬಿ ಬಂದವು. ಹಾಗೇ ಎಳೆದರೆ ಮುಖವೇ ಕಿತ್ತು ಬರುತ್ತದೆ. ತಣ್ಣಗಿನ ಶುದ್ಧ ನೀರಿನಲ್ಲಿ ನೆನೆಹಾಕಬೇಕು, ತಾವಾಗಿ ಬಿಟ್ಟುಕೊಳ್ಳುವವರೆಗೆ ಕಾಯಬೇಕು, ಮುಖ ಮೇಲೆ ಮಾಡಿ ನೆರಳಲ್ಲಿ ಒಣಗಿಸಬೇಕು. ಆದರೆ ನೀರೆಲ್ಲಿ? ಕುಡಿಯುವ ನೀರನ್ನು ಫೋಟೊಗೆ ಸುರಿಯುವುದು ಸರಿಯಾ ಎಂದು ನನಗೆ ಹಿಂಜರಿಕೆ. ಜನಕ್ಕೆ ಇರಲಿಲ್ಲ. ಬಾಟಲಿ ಬಾಟಲಿ ತಂದರು. ಅರ್ಧಕ್ಕರ್ಧ ಫೋಟೊ ಉಳಿಯಲಿಲ್ಲ. ಆಗ ಬೇರೆ ದಾರಿ ತೋಚಿತು. ಈ ದ್ವೀಪದ ಎಷ್ಟೋ ಕುಟುಂಬಗಳು ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಇವೆ. ಅವರಿಗೆ ವಾಟ್ಸಾಪ್ ಮಾಡಿದರೆ ಅದೇ ಮದುವೆಯ ಇನ್ನೊಂದು ಪ್ರತಿ ಅಲ್ಲಿಂದ ಬರುತ್ತಿತ್ತು.

ಚಿತ್ರ ಬಿಡಿಸುವುದು ಸುಲಭವಾಗಿ ನಡೆಯಿತು. ಪ್ಲೈವುಡ್ ಚೂರಿಗೇನೂ ಬರವಿರಲಿಲ್ಲ. ಲೆಸ್ಟೇರ್ ಎಂಬ ಹಳ್ಳಿಯಲ್ಲಿದ್ದ ಕನೂಟ್ ಕಲಿಸ್ಟ್ ಈ ದ್ವೀಪದ ಹೆಸರಾಂತ ಚಿತ್ರಕಾರ, ಪಿಟೀಲೂ ನುಡಿಸುತ್ತಿದ್ದರು. 2005ರಲ್ಲಿ ತೀರಿಕೊಂಡರು. ದೋಣಿ, ಕುಣಿತ, ಮತ್ಸ್ಯಕನ್ಯೆ, ಎಲ್ಲವನ್ನೂ ಗಾಢ ಬಣ್ಣದಲ್ಲಿ ಬರೆದು ಕೆಳಗೆ ತಮ್ಮದೇ ಕೈಬರಹದಲ್ಲಿ ಒಂದು ಸಾಲು ಸೇರಿಸುವುದು ಅವರ ರೀತಿ. ಮಕ್ಕಳಿಗೆ ಅದು ಹಿಡಿಸಿತು. ಚಂಡಮಾರುತ ಬರೆಯಿರಿ ಎಂದು ನಾನು ಒಮ್ಮೆಯೂ ಹೇಳಲಿಲ್ಲ. ಅರ್ಧ ಮಕ್ಕಳು ಮತ್ಸ್ಯಕನ್ಯೆ ಬರೆದರು. ಒಬ್ಬ ಹುಡುಗ ಟಿರೆಲ್ ಬೇ ಎಂಬ ಕೊಲ್ಲಿಯ ಪಕ್ಕದ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಲ್ಲಿ ಒಂದರ ಮೇಲೊಂದು ಬಿದ್ದ ದೋಣಿಗಳನ್ನು ಬರೆದು, ಕೆಳಗೆ "ಇಲ್ಲಿ ಬಚ್ಚಿಟ್ಟಿದ್ದೆವು" ಎಂದು ಬರೆದ. ಗಾಳಿಗೆ ಹೆದರಿ ದೋಣಿಗಳನ್ನು ಅಲ್ಲೇ ಕಟ್ಟಿದ್ದರು.

ಅವನಪ್ಪ ವಿಂಡ್‌ವರ್ಡ್ ಊರಿನ ಬಡಗಿ, ದೋಣಿ ಕಟ್ಟುವವರು. ಅಲ್ಲಿ ನಕ್ಷೆಯಿಲ್ಲದೆ, ಕಣ್ಣಳತೆಯಲ್ಲೇ ಮರದ ದೋಣಿ ಕಟ್ಟುತ್ತಾರೆ. 2023ರಲ್ಲಿ ಯುನೆಸ್ಕೊ ಈ ಕಸುಬನ್ನು ತುರ್ತಾಗಿ ಕಾಪಾಡಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತ್ತು. ನಮ್ಮ ಬೆಂಚು ಮಾಡಿಕೊಟ್ಟವರೂ ಅವರೇ. ಗಟ್ಟಿ ಬೆಂಚು. ಸಿಕ್ಕಾಪಟ್ಟೆ ಭಾರ. ಪ್ರತಿ ವಾರ ಚರ್ಚಿನಿಂದ ಚಪ್ಪರಕ್ಕೆ, ಚಪ್ಪರದಿಂದ ಚರ್ಚಿಗೆ ಹೊತ್ತವಳು ನಾನು. ನನ್ನ ಸೊಂಟ ಈಗಲೂ ನೆನೆಸಿಕೊಳ್ಳುತ್ತದೆ.

ಜನವರಿಯಲ್ಲಿ ತೊಗರಿ ಕಾಯಿ ಬಂತು. ಹೌದು, ನಮ್ಮ ತೊಗರಿಯೇ. ಕ್ಯಾರಿಯಾಕೂನಲ್ಲಿ ಹಸಿ ಕಾಳು ಬೇಯಿಸಿ ತಿನ್ನುತ್ತಾರೆ, ಬೇಳೆ ಮಾಡುವುದಿಲ್ಲ. ಕಲಬುರಗಿಯವಳಿಗೆ ಯಾರಾದರೂ ತೊಗರಿ ಕಾಯಿ ಸುಲಿಯಲು ಹೇಳಿಕೊಡಬೇಕಾ? ಟ್ಯಾಂಟಿಯ ಜಗಲಿಯಲ್ಲಿ ಕೂತು ಬುಟ್ಟಿಗಟ್ಟಲೆ ಸುಲಿದೆ. ಆವತ್ತಿನಿಂದ ಊರಿನ ಹೆಂಗಸರು ನನ್ನನ್ನು ಮೇಡಂ ಅನ್ನುವುದು ಬಿಟ್ಟರು. ಕೈಗೆ ಕೆಲಸವಿದ್ದಾಗ ಬಾಯಿ ತಾನೇ ಬಿಚ್ಚಿಕೊಳ್ಳುತ್ತದೆ. ಆರು ತಿಂಗಳಲ್ಲಿ ನಾನು ಕೇಳಿದ ಅತಿ ಕಷ್ಟದ ಮೂರು ಕತೆಗಳನ್ನು ಕೇಳಿದ್ದು ಅದೇ ಜಗಲಿಯಲ್ಲಿ. ಅವನ್ನು ಇಲ್ಲಿ ಬರೆಯುವುದಿಲ್ಲ. ಅದರಲ್ಲಿ ಒಬ್ಬರಿಗೆ ಹಾಡು ಕುಣಿತ ಸಾಲದು ಅನಿಸಿತು. ಸೇಂಟ್ ಜಾರ್ಜಸ್‌ನಲ್ಲಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಡ್ರಮ್ಮಿನಿಂದ ಎಲ್ಲ ವಾಸಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಮಾರ್ಚ್‌ನಲ್ಲಿ, ನಾನು ಹೊರಡುವ ಮುಂಚಿನ ಶನಿವಾರ, ಊರಿನವರು ಒಂದು ಮರೂನ್ ಮಾಡಿದರು. ಊರಿಗೆಲ್ಲ ಊಟ. ಬಯಲಲ್ಲಿ ಸೌದೆ ಒಲೆ ಹೂಡಿ ಮೆಕ್ಕೆಜೋಳದ ಹಿಟ್ಟಿನ ಕೂಕೂ ಎಂಬ ಮುದ್ದೆ, ಅನ್ನ, ತೊಗರಿ ಕಾಳು, ಮಾಂಸ ಬೇಯಿಸಿದರು. ಒಳಗೆ ಮೇಜಿಗೆ ಬಿಳಿ ಬಟ್ಟೆ ಹಾಸಿ ಎಲ್ಲದರದ್ದೂ ಒಂದೊಂದು ಪಾಲು ಇಟ್ಟರು. ಅದಕ್ಕೆ ಪೇರೆಂಟ್ಸ್ ಪ್ಲೇಟ್ ಅನ್ನುತ್ತಾರೆ, ತೀರಿಹೋದ ಹಿರಿಯರಿಗೆ. ಮಹಾಲಯ ಅಮಾವಾಸ್ಯೆಗೆ ನಮ್ಮವ್ವ ಎಡೆ ಇಡುತ್ತಿದ್ದುದು ಕಣ್ಣ ಮುಂದೆ ಬಂತು. ರಾತ್ರಿ ಬೂಲಾ ಶುರುವಾಯಿತು. ಬೆಗ್ ಪಾರ್ಡನ್‌ಗೆ ಟ್ಯಾಂಟಿ ನನ್ನ ತೋಳು ಹಿಡಿದು ಕೆಳಗೆ ಎಳೆದರು. ಮಂಡಿಯೂರಿದೆ. ಕಲ್ಲು ಚುಚ್ಚಿತು.

ಈಗ ನಾನು ಊರಿಗೆ ಬಂದಿದ್ದೇನೆ. ಚಪ್ಪರದ ಕೆಳಗಿನ ನಮ್ಮ ಗುರುವಾರದ ಕೂಟ ನನ್ನ ಹಂಗಿಲ್ಲದೆ ನಡೆಯುತ್ತಿದೆ. ಹೋದ ವಾರ ಟ್ಯಾಂಟಿಯ ವಾಯ್ಸ್ ಮೆಸೇಜ್ ಬಂತು. ಮಳೆ ಸೋರುತ್ತೆ, ಹುಡುಗರು ಸೋಂಬೇರಿಗಳು, ಬೆಂಚು ಹೊರೋಕೆ ಯಾರೂ ಇಲ್ಲ. ಆಮೇಲೆ, "ಮಗಳೇ, ಇಲ್ಲಿ ಸಿಗೋ ಸೂಜಿಗೆಲ್ಲ ಪ್ಲಾಸ್ಟಿಕ್ ತಲೆ. ಡ್ರಮ್ಮಲ್ಲಿ ಸದ್ದೇ ಬರಲ್ಲ. ನಿಮ್ಮ ಕಡೆ ಕಬ್ಬಿಣದ್ದು ಸಿಗುತ್ತಾ?"

ಸೂಪರ್ ಮಾರ್ಕೆಟ್ ಹತ್ತಿರದ ಅಂಗಡಿಯಲ್ಲಿ ನಾಲ್ಕು ಡಬ್ಬಿ ಗುಂಡುಸೂಜಿ ತಗೊಂಡೆ. ಇಷ್ಟೊಂದು ಯಾಕೆ, ಟೈಲರಿಂಗ್ ಶುರು ಮಾಡಿದ್ರಾ ಅಕ್ಕಾ ಅಂತ ಅಂಗಡಿಯ ಹುಡುಗ ಕೇಳಿದ.