ಹೊರಡುವ ಮೊದಲೇ ತಲುಪಿದ ಮಾತು

ಮನೆಯಿಂದ ಕೆಲಸ ಮಾಡುವವರ ಮಾತು ಮೀಟಿಂಗಿಗೆ ಎಷ್ಟು ತಡವಾಗಿ ತಲುಪುತ್ತದೆ ಎಂದು ಅಳೆಯಹೊರಟಿದ್ದೆ. ಮೊದಲ ವಾರದ ಅಂಕಿ ತೆರೆದು ನೋಡಿದರೆ ಋಣ ಸಂಖ್ಯೆಗಳು. ಉದ್ಯೋಗಿಯೊಬ್ಬರ ಮನೆಯಿಂದ ಹೊರಟ ಧ್ವನಿ ಪ್ಯಾಕೆಟ್, ಅಂದರೆ ಇಂಟರ್ನೆಟ್ಟಿನಲ್ಲಿ ಸಾಗುವ ಮಾತಿನ ಒಂದು ತುಣುಕು, ಹೊರಡುವುದಕ್ಕೆ ಮೊದಲೇ ಕಚೇರಿಯ ತುದಿಯನ್ನು ತಲುಪಿತ್ತು. ಒಂದಲ್ಲ, ಸಾವಿರಾರು ಪ್ಯಾಕೆಟ್ಟುಗಳು ಹಾಗೆಯೇ. ಅನುದಾನದ ಅರ್ಜಿಯಲ್ಲಿ ‘ನಿಖರ ಮಾಪನ’ ಎಂದು ನಾಲ್ಕು ಕಡೆ ಬರೆದವನು ನಾನೇ. ಆ ಹಾಳೆ ಯಾರ ಕಣ್ಣಿಗೂ ಬೀಳದಿರಲಿ ಅಂತ ಕಂಪ್ಯೂಟರ್ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ತಪ್ಪು ಗಡಿಯಾರದ್ದು. ಎರಡು ತುದಿಯ ಗಡಿಯಾರಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಕಂಪ್ಯೂಟರಿನೊಳಗಿನ ಕ್ವಾರ್ಟ್ಜ್ ಹರಳು ಹತ್ತು ಲಕ್ಷಕ್ಕೆ 20 ಪಾಲಿನಷ್ಟು ಆಚೀಚೆ ಓಡಿದರೆ ಸಾಕು, ದಿನಕ್ಕೆ 1.7 ಸೆಕೆಂಡು ತಪ್ಪುತ್ತದೆ. ನಾನು ಹಿಡಿಯಹೊರಟಿದ್ದು ಸೆಕೆಂಡಿನ ಹತ್ತನೇ ಒಂದು ಭಾಗದ ಸಂಗತಿ. ಪಿಂಗ್ ಬಳಸಿದ್ದರೆ ಈ ತಾಪತ್ರಯ ಇರುತ್ತಿರಲಿಲ್ಲ. 1983ರಲ್ಲಿ ಮೈಕ್ ಮೂಸ್ ಬರೆದ ಆ ಪುಟ್ಟ ಪ್ರೋಗ್ರಾಂ ಹೋಗಿಬರುವ ಒಟ್ಟು ಸಮಯವನ್ನು ಒಂದೇ ಗಡಿಯಾರದಲ್ಲಿ ಅಳೆಯುತ್ತದೆ. ಆದರೆ ಬಂದ ಉತ್ತರವನ್ನು ಎರಡರಿಂದ ಭಾಗಿಸಿ ‘ಇದೇ ಒಂದು ದಿಕ್ಕಿನ ತಡ’ ಅನ್ನುವುದು ಮನೆಯ ಇಂಟರ್ನೆಟ್ಟಿನ ಮಟ್ಟಿಗೆ ಸುಳ್ಳು ಲೆಕ್ಕ. ಅಲ್ಲಿ ಮೇಲೆ ಹೋಗುವ ದಾರಿ ಕಿರಿದು, ಕೆಳಗೆ ಬರುವ ದಾರಿ ಅಗಲ. ನೆಟ್‌ವರ್ಕಿನ ಮೂಲಕ ಗಡಿಯಾರ ಸರಿಹೊಂದಿಸುವ ಎನ್‌ಟಿಪಿ ಕೂಡ ಎರಡೂ ದಾರಿ ಸಮ ಎಂದೇ ನಂಬಿಕೊಂಡಿರುತ್ತದೆ. ಕಡೆಗೆ ಪ್ರತಿ ಮನೆಯ ಕಿಟಕಿಗೂ ಒಂದೊಂದು ಜಿಪಿಎಸ್ ಆಂಟೆನಾ ಇಡಿಸಬೇಕಾಯಿತು. ಉಪಗ್ರಹದ ಗಡಿಯಾರ ಹೇಳಿದ ಮೇಲೆ ಪ್ಯಾಕೆಟ್ಟುಗಳು ಹೊರಟ ನಂತರವೇ ತಲುಪತೊಡಗಿದವು.

ಇಷ್ಟಕ್ಕೂ ಈ ಉಸಾಬರಿ ಯಾಕೆ? ಮನೆಯಿಂದ ಕೆಲಸ ಮಾಡುವವರು ಮೀಟಿಂಗಿನಲ್ಲಿ ಅನುಭವಿಸುವ ತಡ ಅವರ ಕೆಲಸಕ್ಕೆ ಏನು ಮಾಡುತ್ತದೆ, ಮತ್ತು ಸಂಪರ್ಕ ನೀತಿ ಆ ತಡವನ್ನು ಹೇಗೆ ಅಳೆಯಬೇಕು ಎನ್ನುವುದು ನಮ್ಮ ಪ್ರಶ್ನೆ. ಗುಂಪಿನಲ್ಲಿ ಮೂವರು. ನಾನು ಎಲೆಕ್ಟ್ರಾನಿಕ್ಸ್ ಕಡೆಯವನು, ಇನ್ನೊಬ್ಬರು ದೂರಸಂಪರ್ಕ ಕಾನೂನಿನವರು, ಮತ್ತೊಬ್ಬರು ದುಡಿಮೆಯ ಸಮಾಜಶಾಸ್ತ್ರದವರು. ಮೊದಲ ಮೂರು ತಿಂಗಳು ಬಹಳ ಚೆನ್ನಾಗಿ ಹೊಂದಿಕೊಂಡಿದ್ದೆವು. ಅದಕ್ಕೆ ಕಾರಣ, ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗಿರಲಿಲ್ಲ. ‘ತಡ’ ಅಂದರೆ ನನಗೆ ಮಿಲಿಸೆಕೆಂಡು, ಸೆಕೆಂಡಿನ ಸಾವಿರದ ಒಂದು ಪಾಲು. ಕಾನೂನಿನವರಿಗೆ, ಇಂಟರ್ನೆಟ್ ಕಂಪನಿ ಒಪ್ಪಿಸುವ ತಿಂಗಳ ಸರಾಸರಿ ಮಿತಿಯೊಳಗಿದೆಯೋ ಇಲ್ಲವೋ ಎಂಬುದು. ಸಮಾಜಶಾಸ್ತ್ರದವರಿಗೆ, ‘ಅವರು ಸ್ವಲ್ಪ ನಿಧಾನ’ ಅಂತ ಯಾರಿಗೆ ಹೆಸರು ಬಿತ್ತು ಎಂಬುದು. ಜಂಟಿ ವರದಿಯ ಮೊದಲ ಕರಡು ಬರೆಯುವಾಗ ಇದು ಬಯಲಾಯಿತು. ಒಂದೇ ಪ್ಯಾರಾದಲ್ಲಿ ಆ ಪದ ಐದು ಸಲ ಬಂದಿತ್ತು, ಮೂರು ಅರ್ಥದಲ್ಲಿ.

ಹಳೆಯ ಕೆಲಸಗಳನ್ನು ಮತ್ತೆ ಓದಿದೆವು, ಈ ಸಲ ಮೂವರೂ ಒಟ್ಟಿಗೆ ಕೂತು, ಪರಸ್ಪರ ತಡೆದು ಕೇಳುತ್ತಾ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು ಬಾಯಿಂದ ಕಿವಿಗೆ ಒಂದು ದಿಕ್ಕಿನಲ್ಲಿ 150 ಮಿಲಿಸೆಕೆಂಡಿನೊಳಗಿದ್ದರೆ ಹೆಚ್ಚಿನ ಬಳಕೆಗೆ ತೊಂದರೆಯಿಲ್ಲ ಅನ್ನುತ್ತದೆ. 400 ಮೀರುವಂತೆ ಜಾಲವನ್ನು ಯೋಜಿಸಬೇಡಿ ಅನ್ನುತ್ತದೆ. ನನ್ನ ಪಾಲಿಗೆ ಇದು ಬಹಳ ವರ್ಷಗಳಿಂದ ವೇದವಾಕ್ಯ. ಸಮಾಜಶಾಸ್ತ್ರದ ಸಹೋದ್ಯೋಗಿ ಅದರ ಪಕ್ಕದಲ್ಲಿ 2009ರ ಭಾಷಾವಿಜ್ಞಾನದ ಒಂದು ಅಧ್ಯಯನ ತಂದಿಟ್ಟರು. ಹತ್ತು ಭಾಷೆಗಳ ಸಹಜ ಮಾತುಕತೆಯಲ್ಲಿ ಪ್ರಶ್ನೆ ಮುಗಿದು ಉತ್ತರ ಶುರುವಾಗುವ ನಡುವಿನ ಬಿಡುವನ್ನು ಅಳೆದ ಕೆಲಸ ಅದು. ಸರಾಸರಿ ಬಿಡುವು 200 ಮಿಲಿಸೆಕೆಂಡಿನ ಆಸುಪಾಸು, ಹೆಚ್ಚುಕಡಿಮೆ ಕಣ್ಣು ಮಿಟುಕಿಸುವಷ್ಟು ಹೊತ್ತು. ಈಗ ಎರಡನ್ನೂ ಕೂಡಿಸಿ. 150 ಹೋಗುವುದಕ್ಕೆ, 150 ಬರುವುದಕ್ಕೆ, ನಡುವೆ ಮನುಷ್ಯನ ಸಹಜ 200. ಕೇಳಿದವನ ಕಿವಿಗೆ ಉತ್ತರ ಬೀಳುವಾಗ ಅರ್ಧ ಸೆಕೆಂಡು ಆಗಿರುತ್ತದೆ. ಎದುರೆದುರು ಕೂತವರ ನಡುವೆ ಅಷ್ಟು ಮೌನ ಬಂದರೆ ಅದು ಹಿಂಜರಿಕೆ ಅನಿಸುತ್ತದೆ, ಒಪ್ಪಿಗೆ ಇಲ್ಲವೇನೋ ಅನಿಸುತ್ತದೆ.

ಇನ್ನೊಂದು ಪೇಪರ್ ನನ್ನನ್ನು ಹೆಚ್ಚು ಕಾಡಿತು. 2014ರಲ್ಲಿ ಶೋನೆನ್‌ಬರ್ಗ್, ರಾಕೆ ಮತ್ತು ಸಂಗಡಿಗರು ಪ್ರಕಟಿಸಿದ್ದು. ಜನ ತಂತಿಯ ತಡವನ್ನು ತಂತಿಗೆ ಹೊರಿಸುವುದಿಲ್ಲ, ಆ ಕಡೆಯ ಮನುಷ್ಯನಿಗೆ ಹೊರಿಸುತ್ತಾರೆ, ಗಮನ ಕಡಿಮೆ ಅನ್ನುತ್ತಾರೆ, ಶ್ರದ್ಧೆ ಕಡಿಮೆ ಅನ್ನುತ್ತಾರೆ ಎಂದು ಅದು ತೋರಿಸಿತ್ತು. ನಮ್ಮ ಮೂರು ಅರ್ಥಗಳು ಒಂದಕ್ಕೊಂದು ತಾಗುವ ಜಾಗ ಸಿಕ್ಕಿದ್ದು ಅಲ್ಲೇ.

ಮನೆಗಳಿಗೆ ಹೋಗುವ ಮೊದಲು ಪ್ರಯೋಗಾಲಯದಲ್ಲಿ ಬಾಯಿಂದ ಕಿವಿವರೆಗಿನ ಪೂರ್ತಿ ದಾರಿ ಅಳೆದೆ. ಇಲ್ಲಿ ಗಡಿಯಾರದ ಹಂಗೇ ಬೇಡ. ಎರಡು ಲ್ಯಾಪ್‌ಟಾಪನ್ನು ಒಂದೇ ಕೋಣೆಯಲ್ಲಿಟ್ಟು ಕರೆ ಮಾಡಿಸಿ. ಕರೆ ಹೇಗೂ ಹೊರಗಿನ ಸರ್ವರಿಗೆ ಹೋಗಿಯೇ ಬರುತ್ತದೆ. ಒಂದರ ಮೈಕಿನೆದುರು ‘ಟಕ್’ ಶಬ್ದ ಮಾಡಿ, ಅದನ್ನೂ ಇನ್ನೊಂದರ ಇಯರ್‌ಫೋನಿನಲ್ಲಿ ಹೊರಬಿದ್ದದ್ದನ್ನೂ ಒಂದೇ ರೆಕಾರ್ಡರಿನ ಎಡ, ಬಲ ಚಾನೆಲ್‌ಗಳಲ್ಲಿ ಹಿಡಿಯಿರಿ. ಆಮೇಲೆ ಒಂದು ಅಲೆಯನ್ನು ಇನ್ನೊಂದರ ಮೇಲೆ ಜಾರಿಸುತ್ತಾ ಎಲ್ಲಿ ಕೂಡುತ್ತದೋ ನೋಡಿ, ಜಾರಿಸಿದಷ್ಟೇ ತಡ. ಈ ಕೆಲಸಕ್ಕೆ ಹೊರಟವರು ದುಬಾರಿ ಉಪಕರಣಕ್ಕೆ ಅರ್ಜಿ ಹಾಕುವ ಮುನ್ನ ಇದನ್ನು ಮಾಡಿ ನೋಡಬೇಕು. ನಾನು ಅರ್ಜಿ ಹಾಕಿದ ಮೇಲೆ ಮಾಡಿದೆ.

ಅಲ್ಲಿ ಕಂಡದ್ದು ಕಾನೂನಿನವರ ಮುಖ ಬಾಡಿಸಿತು. ತಡದ ದೊಡ್ಡ ಪಾಲು ನಿಯಂತ್ರಣ ಪ್ರಾಧಿಕಾರದ ಕೈಗೆ ಸಿಗುವಂಥದ್ದಲ್ಲ. ಗಾಜಿನ ತಂತಿಯಲ್ಲಿ ಬೆಳಕು 1,000 ಕಿಲೋಮೀಟರ್ ಹೋಗಲು 5 ಮಿಲಿಸೆಕೆಂಡು ಸಾಕು. ಧ್ವನಿಯನ್ನು ತುಂಡು ಮಾಡಿ ಕಟ್ಟುವುದು, ಏರುಪೇರಾಗಿ ಬರುವ ಪ್ಯಾಕೆಟ್ಟುಗಳನ್ನು ಸಾಲಾಗಿಸಲು ಕಾಯಿಸುವುದು, ಮತ್ತೆ ಬಿಚ್ಚುವುದು, ಇವೆಲ್ಲ ಸೇರಿ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ನುಂಗುತ್ತವೆ. ಬ್ಲೂಟೂತ್ ಹೆಡ್‌ಸೆಟ್ ಒಂದೇ ನೂರು ಮಿಲಿಸೆಕೆಂಡಿಗೂ ಮೇಲೆ ಸೇರಿಸಬಲ್ಲದು. ಕೆಲವರ ಗೋಳು ಬರೀ ವೈರಿನ ಹೆಡ್‌ಫೋನಿಗೆ ಮರಳಿದ್ದರಿಂದ ಅರ್ಧ ಕಳೆಯಿತು. ಅದನ್ನು ಪೇಪರಿನಲ್ಲಿ ಬರೆದರೆ ಯಾರೂ ಸಂಶೋಧನೆ ಅನ್ನುವುದಿಲ್ಲ, ಆದರೂ ಬರೆದೆ.

ಜನರನ್ನು ಒಪ್ಪಿಸಿದ ಕತೆ ಬೇರೆ. ಒಂದು ಸಂಸ್ಥೆಯ ಮ್ಯಾನೇಜರ್ ತಮ್ಮ ತಂಡದ ಅಷ್ಟೂ ಜನರ ಹೆಸರಿರುವ ಪಟ್ಟಿಯನ್ನು ಒಂದೇ ದಿನದಲ್ಲಿ ಕಳಿಸಿದರು, ಎಲ್ಲರ ಸಹಿಯೊಂದಿಗೆ. ನನಗೆ ಖುಷಿಯೋ ಖುಷಿ. ಸಮಾಜಶಾಸ್ತ್ರದವರು ಪಟ್ಟಿ ನೋಡಿ, “ಇದು ಒಪ್ಪಿಗೆ ಅಲ್ಲ, ಹಾಜರಿ” ಅಂದರು. ಮತ್ತೆ ಮೊದಲಿಂದ ಶುರು. ಪ್ರತಿಯೊಬ್ಬರನ್ನೂ ಬೇರೆಯಾಗಿ ಕಂಡು ಮಾತಾಡಿದೆವು. ಯಾರು ಸೇರಿದರು, ಯಾರು ಬಿಟ್ಟರು ಎನ್ನುವುದು ಮ್ಯಾನೇಜರಿಗೆ ತಿಳಿಯದಂತೆ ಎಲ್ಲರ ಮನೆಗೂ ಅಳತೆಯ ಉಪಕರಣದ ಒಂದೇ ಬಗೆಯ ಪೆಟ್ಟಿಗೆ ಕಳಿಸಿದೆವು, ಬೇಡ ಅಂದವರದು ಖಾಲಿ ಪೆಟ್ಟಿಗೆ. ಮಾತಿನ ವಿಷಯ ದಾಖಲಿಸಲೇ ಇಲ್ಲ. ಧ್ವನಿ ಇದೆ, ಧ್ವನಿ ಇಲ್ಲ, ಎಷ್ಟು ಹೊತ್ತಿಗೆ, ಅಷ್ಟೇ. ಇಷ್ಟಾದರೂ ಒಬ್ಬರು ಕೇಳಿದರು: “ಸರ್, ನಾನು ಮೀಟಿಂಗಲ್ಲಿ ಎಷ್ಟು ಮಾತಾಡಿದೆ ಅನ್ನೋದು ಇದರಲ್ಲಿ ಗೊತ್ತಾಗುತ್ತೆ ಅಲ್ವಾ?” ಗೊತ್ತಾಗುತ್ತದೆ. ಅದನ್ನು ಮುಚ್ಚಿಡಲಿಲ್ಲ. ಅವರು ಸೇರಲಿಲ್ಲ. ಅವರ ಸಂಪರ್ಕವೇ ಎಲ್ಲರಿಗಿಂತ ಕೆಟ್ಟದಿತ್ತು ಅಂತ ಉಳಿದವರ ಮಾತಿನಿಂದ ಆಮೇಲೆ ತಿಳಿಯಿತು. ಯಾರನ್ನು ಅಳೆಯಬೇಕಿತ್ತೋ ಅಳತೆಗೆ ಹೆದರುವವರೂ ಅವರೇ. ಹಾಗಾಗಿ ನಮ್ಮ ಅಂಕಿಗಳು ತೊಂದರೆಯನ್ನು ಇದ್ದದ್ದಕ್ಕಿಂತ ಕಡಿಮೆಯಾಗಿಯೇ ತೋರಿಸುತ್ತವೆ.

ಆ ಇದೆ-ಇಲ್ಲ ಗೆರೆಗಳನ್ನು ಒಂದರ ಕೆಳಗೊಂದು ಜೋಡಿಸಿ ನೋಡಿದಾಗ ಈ ಇಡೀ ಕೆಲಸದಲ್ಲಿ ನನಗೆ ಅತಿ ಮುಖ್ಯ ಅನಿಸಿದ್ದು ಕಂಡಿತು. ಇಬ್ಬರೇ ಮಾತಾಡುವಾಗ ತಡ ಇಬ್ಬರಿಗೂ ಸಮ. ಹೋಗುವ ಬರುವ ಒಟ್ಟು ಸಮಯವನ್ನು ಇಬ್ಬರೂ ಅನುಭವಿಸುತ್ತಾರೆ, ಇಬ್ಬರೂ ನಿಧಾನಿಸುತ್ತಾರೆ. ಎಂಟು ಜನರ ಮೀಟಿಂಗಿನಲ್ಲಿ ಏಳು ಜನರ ಸಂಪರ್ಕ ಚೆನ್ನಾಗಿದ್ದು ಒಬ್ಬರದು ಕೆಟ್ಟಿದ್ದರೆ, ಆ ತಡವೆಲ್ಲ ಒಬ್ಬರ ತಲೆಗೇ ಬರುತ್ತದೆ. ಮಾತು ನಿಂತ ಸದ್ದು ಅವರಿಗೆ ತಡವಾಗಿ ಕೇಳುತ್ತದೆ, ಬಾಯಿ ತೆರೆದದ್ದು ಉಳಿದವರಿಗೆ ಇನ್ನೂ ತಡವಾಗಿ ತಲುಪುತ್ತದೆ. ಅಷ್ಟರಲ್ಲಿ ಬೇರೆ ಯಾರೋ ಶುರು ಮಾಡಿರುತ್ತಾರೆ. ಇಬ್ಬರೂ ನಿಲ್ಲುತ್ತಾರೆ, “ನೀವು ಹೇಳಿ”, “ಇಲ್ಲ ಇಲ್ಲ, ನೀವು ಹೇಳಿ”. ಎರಡು ಮೂರು ಸಲ ಹೀಗಾದ ಮೇಲೆ ಗೆರೆಯಲ್ಲಿ ಅವರ ಧ್ವನಿ ಕಾಣಿಸುವುದೇ ಇಲ್ಲ. ಸಂದರ್ಶನದಲ್ಲಿ ಒಬ್ಬರು ಹೇಳಿದ್ದು: “ಈಗೀಗ ನಾನು ಚಾಟ್‌ನಲ್ಲಿ ಬರೆದುಬಿಡ್ತೀನಿ. ಯಾರಾದರೂ ಓದಿದರೆ ಓದಲಿ.” ಅವರ ವಾರ್ಷಿಕ ಮೌಲ್ಯಮಾಪನದಲ್ಲಿ ‘ಸಭೆಗಳಲ್ಲಿ ಪಾಲ್ಗೊಳ್ಳುವಿಕೆ ಸುಧಾರಿಸಬೇಕು’ ಎಂದಿತ್ತು.

ಸರಿ, ಆ ಒಬ್ಬರ ಸಂಪರ್ಕ ಕೆಟ್ಟದ್ದು ಅಂತ ಇಂಟರ್ನೆಟ್ ಕಂಪನಿಯ ಅಂಕಿ ಹೇಳುತ್ತಿತ್ತೇ? ಇಲ್ಲ. ಸರಾಸರಿ ಅಚ್ಚುಕಟ್ಟಾಗಿತ್ತು. ರಾತ್ರಿಯಿಡೀ ಖಾಲಿ ಬಿದ್ದ ತಂತಿಯ ಅಳತೆಯೂ ಆ ಸರಾಸರಿಯಲ್ಲಿ ಸೇರಿರುತ್ತದೆ. ಹಗಲು ಮೀಟಿಂಗ್ ನಡೆಯುವಾಗ ಅದೇ ಮನೆಯಲ್ಲಿ ಇನ್ನಾರದೋ ಫೋನು ಫೋಟೋಗಳನ್ನು ಮೇಲೆ ಕಳಿಸುತ್ತಿರುತ್ತದೆ. ರೂಟರು ಒಂದನ್ನೂ ಬಿಸಾಡದೆ ಎಲ್ಲವನ್ನೂ ಸಾಲಿನಲ್ಲಿ ನಿಲ್ಲಿಸುತ್ತದೆ, ಧ್ವನಿ ಆ ಉದ್ದ ಸಾಲಿನ ಬಾಲದಲ್ಲಿ ನಿಲ್ಲುತ್ತದೆ. ಕಂಪ್ಯೂಟರ್ ತಜ್ಞ ಜಿಮ್ ಗೆಟ್ಟಿಸ್ 2010ರ ಸುಮಾರಿಗೆ ತಮ್ಮ ಮನೆಯ ಸಂಪರ್ಕದಲ್ಲೇ ಇದನ್ನು ಕಂಡು ‘ಬಫರ್‌ಬ್ಲೋಟ್’ ಎಂದು ಹೆಸರಿಟ್ಟರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಇದಕ್ಕೆ, ಸಾಲು ಉದ್ದವಾಗಿ ನಿಲ್ಲಲು ಬಿಡದ ಕೋಡೆಲ್ ಎಂಬ ಪರಿಹಾರವನ್ನೂ ಕೊಟ್ಟರು. ಮದ್ದು ಇದೆ, ರೋಗವೇ ಅಂಕಿಯಲ್ಲಿ ಕಾಣುವುದಿಲ್ಲ.

ನೀತಿಯ ಇತಿಹಾಸ ಹೆಚ್ಚಾಗಿ ವೇಗದ ಇತಿಹಾಸ. ಫಿನ್‌ಲ್ಯಾಂಡ್ 2010ರಲ್ಲಿ ಸೆಕೆಂಡಿಗೆ 1 ಮೆಗಾಬಿಟ್ ಸಂಪರ್ಕವನ್ನು ಹಕ್ಕೆಂದು ಸಾರಿತು. ಅಮೆರಿಕದ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ, ಬ್ರಾಡ್‌ಬ್ಯಾಂಡ್ ಅಂದರೆ ಕೆಳಗೆ 25, ಮೇಲೆ 3 ಮೆಗಾಬಿಟ್ ಎಂದು 2015ರಲ್ಲಿ ಇಟ್ಟ ಗೆರೆಯನ್ನು 2024ರಲ್ಲಿ 100 ಮತ್ತು 20ಕ್ಕೆ ಏರಿಸಿತು. ಆ ಕಡೆ ಕಾರ್ಮಿಕ ಕಾನೂನಿನ ಕಪಾಟಿಗೆ ಹೋದರೆ, 1919ರ ಮೊದಲ ಅಂತರರಾಷ್ಟ್ರೀಯ ಒಡಂಬಡಿಕೆಯ ದಿನಕ್ಕೆ 8, ವಾರಕ್ಕೆ 48 ಗಂಟೆಯಿಂದ ಹಿಡಿದು, 2017ರಿಂದ ಫ್ರಾನ್ಸಿನಲ್ಲಿ ಜಾರಿಯಲ್ಲಿರುವ, ಕೆಲಸದ ಹೊತ್ತು ಮುಗಿದ ಮೇಲೆ ಸಂಪರ್ಕ ಕಡಿದುಕೊಳ್ಳುವ ಹಕ್ಕಿನವರೆಗೆ, ಎಲ್ಲ ಗಂಟೆಯ ಲೆಕ್ಕ. ಒಂದು ಕಪಾಟು ಮೆಗಾಬಿಟ್ ಎಣಿಸುತ್ತದೆ, ಇನ್ನೊಂದು ಗಂಟೆ. ಮಾತು ಸಿಗದೆ ಕೂತವರು ಎರಡೂ ಕಪಾಟಿನ ನಡುವೆ ಬಿದ್ದಿದ್ದಾರೆ.

ಪ್ರಕಟಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂರು ಜರ್ನಲ್ ಸುತ್ತಿದೆವು. ತಂತ್ರಜ್ಞಾನದ ವಿಮರ್ಶಕರು ಸಂದರ್ಶನ ತೆಗೆಯಿರಿ ಅಂದರು, ಸಮಾಜಶಾಸ್ತ್ರದವರು ಸಮೀಕರಣ ತೆಗೆಯಿರಿ ಅಂದರು, ನೀತಿಯವರು ಎರಡನ್ನೂ ಅನುಬಂಧಕ್ಕೆ ಹಾಕಿ ಅಂದರು. ಎತ್ತು ಏರಿಗೆ, ಕೋಣ ನೀರಿಗೆ. ಕೊನೆಗೆ ಒಂದೇ ಚಿತ್ರ ಉಳಿಸಿಕೊಟ್ಟಿತು: ಮೇಲೆ ತಡದ ಗೆರೆ, ಅದರ ಕೆಳಗೆ ಅದೇ ನಿಮಿಷದ ಧ್ವನಿಯ ಗೆರೆ, ಅದರ ಕೆಳಗೆ ಆ ವ್ಯಕ್ತಿ ಆ ಮೀಟಿಂಗಿನ ಬಗ್ಗೆ ಹೇಳಿದ ಒಂದು ಸಾಲು. ಮೂವರಲ್ಲಿ ಯಾರದನ್ನು ತೆಗೆದರೂ ಚಿತ್ರ ನಿಲ್ಲುತ್ತಿರಲಿಲ್ಲ.

ನಂತರ ನೀತಿ ಕರಡಿಗೆ ಸಾರ್ವಜನಿಕ ಅಭಿಪ್ರಾಯ ಕರೆದಾಗ ನಾವೂ ಬರೆದೆವು. ನಮ್ಮ ಸಲಹೆ ಸರಳ. ತಡವನ್ನು ತಂತಿ ಖಾಲಿ ಇರುವಾಗ ಅಳೆಯಬೇಡಿ, ತುಂಬಿರುವಾಗ, ಕೆಲಸದ ಹೊತ್ತಿನಲ್ಲಿ ಅಳೆಯಿರಿ. ಸರಾಸರಿಯ ಜೊತೆಗೆ, ನೂರರಲ್ಲಿ ತೀರಾ ಕೆಟ್ಟ ಐದು ಅಳತೆಗಳು ಎಲ್ಲಿಂದ ಶುರುವಾಗುತ್ತವೆ ಎನ್ನುವುದನ್ನೂ ಪ್ರಕಟಿಸಿ. ಸಲ್ಲಿಸುವ ಆನ್‌ಲೈನ್ ನಮೂನೆಯಲ್ಲಿ ‘ಪ್ರಸ್ತಾವಿತ ಮಿತಿ’ ಎಂದು ಒಂದೇ ಚೌಕವಿತ್ತು. ನಾನು ಎರಡು ಸಂಖ್ಯೆ ಬರೆದು ನಡುವೆ ಓರೆಗೆರೆ ಹಾಕಿದೆ. ನಮೂನೆ ಒಪ್ಪಲಿಲ್ಲ, ಒಂದೇ ಸಂಖ್ಯೆ ಕೊಡಿ ಎಂದು ಕೆಂಪಾಯಿತು. ಮೊದಲನೆಯದನ್ನು ಚೌಕದಲ್ಲಿ ಬಿಟ್ಟು, ಎರಡನೆಯದನ್ನು ಕೆಳಗಿನ ‘ಇತರೆ’ ಅನ್ನುವಲ್ಲಿ ಬರೆದು ಕಳಿಸಿದೆವು.