ಪಿ16 ಬಣ್ಣವನ್ನು ಓದಲು ನಾನು ಕಲಿತ ಬಗೆ

ಸೊಲ್ಲಾಪುರದಲ್ಲಿ ನಾನು ನಡೆಸುವ ಸಣ್ಣ ಪೆಥಾಲಜಿ ಪ್ರಯೋಗಾಲಯಕ್ಕೆ ಅಕ್ಕಲಕೋಟೆ ತಾಲ್ಲೂಕಿನ ಕನ್ನಡ ಮಾತನಾಡುವ ಹಳ್ಳಿಗಳಿಂದಲೂ ಗರ್ಭಕಂಠದ ಬಯಾಪ್ಸಿಗಳು ಬರುತ್ತವೆ. ಜೊತೆಗಿನ ಚೀಟಿಯಲ್ಲಿ ಬಹುತೇಕ ಒಂದೇ ಬರಹ: ಬಿಳಿ ಸೆರಗು, ಇಲ್ಲವೇ ಮುಟ್ಟು ನಿಂತ ಮೇಲೆ ರಕ್ತಸ್ರಾವ. ಗರ್ಭಕಂಠದ ಕ್ಯಾನ್ಸರ್ ಇಲ್ಲವೇ ಅದರ ಪೂರ್ವಹಂತ ಇದೆಯೇ ಎಂಬುದಕ್ಕೆ ಹೆಚ್ಚಿನವುಗಳಲ್ಲಿ ಮಾಮೂಲಿ ಗುಲಾಬಿ-ನೀಲಿ ಬಣ್ಣದ ಸ್ಲೈಡಿನಲ್ಲೇ ಉತ್ತರ ಸಿಗುತ್ತದೆ. ಹಾಗೆ ಸಿಗದ ಕೆಲವಕ್ಕಾಗಿಯೇ ನಾನು ಪಿ16 ಎಂಬ ಪ್ರೋಟೀನನ್ನು ಕಂದು ಬಣ್ಣದಲ್ಲಿ ತೋರಿಸುವ ಪರೀಕ್ಷೆಯನ್ನು ಆರಂಭಿಸಿದೆ.

ಪಿ16 ವೈರಸ್ಸಿನ ಪ್ರೋಟೀನಲ್ಲ, ನಮ್ಮದೇ ಜೀವಕೋಶದ್ದು. ಕೋಶವು ಮಿತಿಮೀರಿ ವಿಭಜನೆಯಾಗದಂತೆ ತಡೆಯುವುದು ಅದರ ಕೆಲಸ. ಗರ್ಭಕಂಠದ ಕ್ಯಾನ್ಸರು ತರುವ ವೈರಸ್ಸಾದ ಅಪಾಯಕಾರಿ ಎಚ್‌ಪಿವಿಯ ಇ7 ಎಂಬ ಪ್ರೋಟೀನು ಕೋಶದ ಕಾವಲುಗಾರನಾದ ಆರ್‌ಬಿಯನ್ನು ಕಟ್ಟಿಹಾಕಿದಾಗ, ಕೋಶವು ಪಿ16ನ್ನು ಇನ್ನಷ್ಟು ಮತ್ತಷ್ಟು ತಯಾರಿಸುತ್ತದೆ, ಆದರೆ ಎತ್ತು ತಪ್ಪಿಸಿಕೊಂಡ ಮೇಲೆ ಕೈಯಲ್ಲುಳಿದ ಹಗ್ಗವನ್ನು ಜಗ್ಗಿದಂತೆ ಅದರಿಂದ ಏನೂ ಆಗುವುದಿಲ್ಲ. ಹೀಗೆ ವ್ಯರ್ಥವಾಗಿ ತುಂಬಿಕೊಂಡ ಪಿ16, ಇ7 ಅಲ್ಲಿ ಕೆಲಸ ಮಾಡುತ್ತಿದೆ ಎಂಬುದರ ಗುರುತು.

ಮೊದಲ ಸಲ ನಾಲ್ಕು ಮೈಕ್ರಾನಿನ ಪದರಗಳನ್ನು ಕತ್ತರಿಸಿ, ಪ್ರೆಶರ್ ಕುಕ್ಕರಿನಲ್ಲಿ ಕಾಯಿಸಿ (ನಮ್ಮಲ್ಲಿ ಈ ಕೆಲಸಕ್ಕೆ ಅಡುಗೆಮನೆಯ ಕುಕ್ಕರೇ ಸಾಕು), ಪಿ16ಕ್ಕೆ ಅಂಟಿಕೊಳ್ಳುವ ಪ್ರತಿಕಾಯ ಹಾಕಿ ನೋಡಿದಾಗ ಐದೂ ಸ್ಲೈಡುಗಳಲ್ಲಿ ಕಂದು ಬಣ್ಣದ ಸುಳಿವೇ ಇರಲಿಲ್ಲ. ಎಲ್ಲವೂ ನೆಗೆಟಿವ್ ಎಂದು ಬರೆಯುವವಳೇ ಇದ್ದೆ. ಆದರೆ ರೋಗ ಖಚಿತವಿದ್ದ ತುಣುಕಿನಿಂದ ಮಾಡಿಟ್ಟಿದ್ದ ಕಂಟ್ರೋಲ್ ಸ್ಲೈಡೂ ಬೋಳಾಗಿತ್ತು. ಪ್ರತಿಕಾಯದ ಜೊತೆ ಬಂದಿದ್ದ ಹಾಳೆಯು ಪಿಎಚ್ 9ರ ದ್ರಾವಣವನ್ನು ಕೇಳಿತ್ತು. ನಾವು ಬೇರೆ ಪರೀಕ್ಷೆಗಳ ರೂಢಿಯಂತೆ ಪಿಎಚ್ 6ರ ಸಿಟ್ರೇಟಿನಲ್ಲೇ ಕುದಿಸಿದ್ದೆವು. ಅಂದಿನಿಂದ ಕಂಟ್ರೋಲ್ ಸ್ಲೈಡನ್ನು ನೋಡದೆ ರೋಗಿಯ ಸ್ಲೈಡನ್ನು ಮುಟ್ಟುವುದಿಲ್ಲ.

ಬಣ್ಣ ಬರತೊಡಗಿದ ಮೇಲೆ ಎದುರಾದದ್ದು ಬೇರೆಯೇ ತೊಡಕು. ಅಲ್ಲೊಂದು ಇಲ್ಲೊಂದು ಕೋಶ ಕಂದಾದರೂ ಪಾಸಿಟಿವ್ ಎಂದು ಹೇಳುವ ಆತುರ ನನಗಿತ್ತು. ಗರ್ಭಕಂಠದ ಹೊದಿಕೆಯ ತಳದ ಪದರದಿಂದ ಹೊರಟು ಮೇಲ್ಮೈಯ ಕಡೆಗೆ ಕನಿಷ್ಠ ಮೂರನೆಯ ಒಂದು ಭಾಗದವರೆಗೆ, ನಡುವೆ ಎಲ್ಲೂ ತುಂಡಾಗದೆ, ಗಾಢವಾಗಿ ಹಬ್ಬಿದ ಪಟ್ಟಿ ಮಾತ್ರ ಪಾಸಿಟಿವ್. ಉಳಿದ ಚುಕ್ಕೆಗಳು ಉರಿಯೂತದಲ್ಲೂ, ಸಹಜವಾಗಿ ರೂಪ ಬದಲಿಸುತ್ತಿರುವ ಕೋಶಗಳಲ್ಲೂ ಕಾಣುತ್ತವೆ. ಮೊದಲ ಹಂತದ ಬದಲಾವಣೆ, ಎಂದರೆ ಸಿಐಎನ್ 1, ಎಂದು ಸ್ಪಷ್ಟವಾಗಿ ಕಂಡಾಗ ನಾನು ಪಿ16 ಮಾಡಿಸುವುದೇ ಇಲ್ಲ, ಏಕೆಂದರೆ ಅವುಗಳಲ್ಲೂ ಹಲವು ಪಾಸಿಟಿವ್ ಬರುತ್ತವೆ ಮತ್ತು ಆ ಬಣ್ಣ ಅನಗತ್ಯ ಚಿಕಿತ್ಸೆಗೆ ದಾರಿಯಾಗುತ್ತದೆ. ಕೆಲವು ಗ್ರಂಥಿಮೂಲದ ಕ್ಯಾನ್ಸರುಗಳು ಎಚ್‌ಪಿವಿ ಇಲ್ಲದೆಯೇ ಹುಟ್ಟುವುದರಿಂದ ಬೋಳು ಸ್ಲೈಡೂ ಅಭಯವಲ್ಲ. ಎಸ್‌ಸಿಸಿ ಆಂಟಿಜನ್ ಎಂಬ ರಕ್ತಪರೀಕ್ಷೆಯ ವರದಿ ಹಿಡಿದು ಬರುವವರಿಗೆ, ಅದು ಚಿಕಿತ್ಸೆಯ ನಂತರದ ನಿಗಾವಣೆಗೆ ಉಪಯುಕ್ತವೇ ಹೊರತು ರೋಗ ಹುಡುಕಲು ಅಲ್ಲ ಎಂದು ಹೇಳಿ ಕಳುಹಿಸುತ್ತೇನೆ.

ಈ ಪರೀಕ್ಷೆ ನನಗೆ ಹೆಚ್ಚು ನೆರವಾದದ್ದು ಅಕ್ಕಲಕೋಟೆ ಕಡೆಯ, ಅರವತ್ತು ದಾಟಿದ ಒಬ್ಬರ ವಿಷಯದಲ್ಲಿ. ಮುಟ್ಟು ನಿಂತು ವರ್ಷಗಳಾದ ಮೇಲೆ ಗರ್ಭಕಂಠದ ಹೊದಿಕೆ ಸವೆದು ತೆಳುವಾಗುತ್ತದೆ, ಕೋಶಗಳಲ್ಲಿ ಕೋಶಕೇಂದ್ರವೇ ಎದ್ದು ಕಾಣುತ್ತದೆ, ತೀವ್ರ ಹಂತದ ಪೂರ್ವ ಕ್ಯಾನ್ಸರಿನಿಂದ ಅದನ್ನು ಬೇರ್ಪಡಿಸುವುದು ಕಷ್ಟ. ಪಿ16 ನೆಗೆಟಿವ್ ಬಂತು. ವಿಭಜನೆಯಲ್ಲಿ ತೊಡಗಿದ ಕೋಶಗಳನ್ನು ತೋರಿಸುವ ಕೆಐ-67 ತಳದಲ್ಲಿ ಒಂದೆರಡು ಕೋಶಗಳಲ್ಲಷ್ಟೇ ಕಂಡಿತು. ವಯೋಸಹಜ ಸವೆತ ಎಂದು ಬರೆದೆ.

ಆದರೂ ಇದೆಲ್ಲ ನನ್ನ ಮೇಜಿನವರೆಗೆ ಬಂದವರ ಮಾತು. ನಮ್ಮ ಪಕ್ಕದ ಧಾರಾಶಿವ (ಆಗಿನ ಉಸ್ಮಾನಾಬಾದ್) ಜಿಲ್ಲೆಯ ಹಳ್ಳಿಗಳಲ್ಲಿ, 30ರಿಂದ 59 ವರ್ಷದ 1.3 ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡು ನಡೆದ ಅಧ್ಯಯನದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು: ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವುಗಳು ಹೆಚ್ಚು ಕಡಿಮೆ ಅರ್ಧಕ್ಕಿಳಿದಿದ್ದವು. ಗರ್ಭಕಂಠದಿಂದ ಕೆರೆದ ಕೋಶಗಳನ್ನು ಸ್ಲೈಡಿನಲ್ಲಿ ನೋಡುವ ಪ್ಯಾಪ್ ಪರೀಕ್ಷೆಯ ಗುಂಪಿನಲ್ಲಿ ಅಂಥ ಗಣನೀಯ ಇಳಿಕೆ ಕಾಣಲಿಲ್ಲ. ಸ್ಲೈಡು ಓದುವವಳಾದ ನನಗೆ ಇದು ತುಸು ಕಹಿಯಾದರೂ ಒಪ್ಪಬೇಕಾದ ಮಾತು.

ವರದಿ ಒಯ್ಯಲು ಆ ಹಿರಿಯರು ಸೊಸೆಯೊಡನೆ ಬಂದಿದ್ದರು. “ಆಯಿ, ಇದು ಕ್ಯಾನ್ಸರ್ ಅಲ್ಲರಿ” ಎಂದೆ. ಅವರು ಕಾಗದವನ್ನು ಸೆರಗಿನಲ್ಲಿ ಸುತ್ತಿಕೊಂಡು, “ಹಂಗಾದ್ರ ಡಾಕ್ಟರ್ ಬಾಯಿ, ಇಕಿದೂ ಒಮ್ಮೆ ನೋಡಿಬಿಡ್ರಿ” ಎಂದರು. ಸೊಸೆಗೆ ಮೂವತ್ತನಾಲ್ಕು. ಎಚ್‌ಪಿವಿ ಪರೀಕ್ಷೆಗೆ ಮಾದರಿ ಕೊಡಲು ಅವಳನ್ನು ಅಂದೇ ಸ್ತ್ರೀರೋಗ ತಜ್ಞೆಯ ಬಳಿಗೆ ಕಳುಹಿಸಿದೆ.