ಪಿ ಅಕ್ಷರದ ಪದಗಳು ನೆನಪಿನಲ್ಲಿ ನಿಂತ ಬಗೆ

ಸ್ಪರ್ಧಾತ್ಮಕ ಪರೀಕ್ಷೆಗೆಂದು ಕಲಬುರಗಿಯಲ್ಲಿ ಓದುತ್ತಿರುವ ನನಗೆ, ಪಿ ಅಕ್ಷರದ ಇಂಗ್ಲಿಷ್ ಪದಗಳನ್ನು ನಿಘಂಟಿನ ಕ್ರಮದಲ್ಲೇ ಬಾಯಿಪಾಠ ಮಾಡಿದಾಗಲೆಲ್ಲ ಅಕ್ಕಪಕ್ಕದ ಪದಗಳ ಅರ್ಥ ಅದಲುಬದಲಾಗುತ್ತಿತ್ತು. ಪದಗಳನ್ನು ಮೂಲಕ್ಕೆ ಅನುಗುಣವಾಗಿ ಗುಂಪು ಮಾಡಿಕೊಂಡ ಮೇಲೆ ಈ ತೊಂದರೆ ನೀಗಿತು. ‘ಪ್ರೀ’ ಎಂದರೆ ಮುಂಚೆ. ರಿಚಾರ್ಜ್ ಅಂಗಡಿಯಲ್ಲಿ ದಿನವೂ ಕೇಳುವ ಪ್ರೀಪೇಯ್ಡ್ ಜೊತೆಗೇ ಪ್ರಿಡಿಕ್ಟ್, ಪ್ರಿವೆಂಟ್, ಪ್ರಿಕಾಶನ್ ಪದಗಳನ್ನೂ ಬರೆದುಕೊಂಡೆ. ಹೊರುವುದು ಎಂಬರ್ಥದ ಲ್ಯಾಟಿನ್ ‘ಪೋರ್ಟಾರೆ’ಯಿಂದ ಬಂದ ಪೋರ್ಟರ್, ನಮ್ಮ ರೈಲ್ವೆ ನಿಲ್ದಾಣದಲ್ಲಿ ಕೆಂಪಂಗಿ ತೊಟ್ಟು ಗಂಟುಮೂಟೆ ಹೊರುವವರೇ ಆದುದರಿಂದ, ಪೋರ್ಟಬಲ್ ಎಂದರೆ ಹೊತ್ತೊಯ್ಯಬಹುದಾದದ್ದು ಎಂಬುದು ಯಾರೂ ಹೇಳದೆಯೇ ಹೊಳೆಯಿತು. ಈ ಉಪಾಯ ಎಲ್ಲೆಡೆ ನಡೆಯುವುದಿಲ್ಲ. ಬೆಲೆಬಾಳುವ ಎಂಬರ್ಥದ ಪ್ರೆಶಸ್‌ಗೂ ‘ಪ್ರೀ’ಗೂ ಸಂಬಂಧವಿಲ್ಲ. ಇನ್ನು ಸೈಕಾಲಜಿ, ನ್ಯುಮೋನಿಯಾಗಳಂತಹ, ಪಿ ಇದ್ದೂ ಕೇಳಿಸದ ಗ್ರೀಕ್ ಮೂಲದ ಪದಗಳನ್ನು ಬರೆದು ಬರೆದೇ ರೂಢಿಸಿಕೊಳ್ಳಬೇಕಾಯಿತು.